ಯಾರ ಮೂರು ಗಂಟೆ?

ಅಡುಗೆಮನೆಯ ಸಿಂಕಿನ ಕೆಳಗಿನ ಪೈಪು ಸೋರಲು ಆರಂಭಿಸಿ ಇಂದಿಗೆ ಹನ್ನೊಂದು ದಿನ. ಅದನ್ನು ಸರಿಪಡಿಸಬೇಕಾದ ಪ್ಲಂಬರ್ ‘ನಾಳೆ ಮೂರು ಗಂಟೆಗೆ ಬರುತ್ತೇನೆ’ ಎಂದು ನಿನ್ನೆ ಫೋನಿನಲ್ಲಿ ಮಾತು ಕೊಟ್ಟಿದ್ದ. ಇಥಿಯೋಪಿಯಾದ ಬಹಿರ್ ದಾರ್ ಪಟ್ಟಣದಲ್ಲಿ ಇದು ನಮ್ಮ ಮೂರನೆಯ ವರ್ಷವಾದ್ದರಿಂದ ನಾನು ಮೋಸಹೋಗಲಿಲ್ಲ. ಇಲ್ಲಿ ಗಂಟೆಗಳ ಎಣಿಕೆ ಆರಂಭವಾಗುವುದು ಮಧ್ಯರಾತ್ರಿಯಿಂದಲ್ಲ, ಬೆಳಗಿನಿಂದ. ನಮ್ಮ ಬೆಳಗಿನ ಏಳು ಇವರಿಗೆ ಹಗಲಿನ ಒಂದು, ನಮ್ಮ ಒಂಬತ್ತು ಇವರಿಗೆ ಮೂರು. ಹಾಗಾಗಿ ನಾನು ಎಂಟೂವರೆಗೇ ಸಿಂಕಿನ ಕೆಳಗಿದ್ದ ಡಬ್ಬಿಗಳನ್ನೆಲ್ಲ ಹೊರಗೆಳೆದು, ಊರಿನಿಂದ ಹೊತ್ತು ತಂದ ಹುಣಿಸೆಹಣ್ಣು ಮತ್ತು ಸಾರಿನ ಪುಡಿಯನ್ನು ನೀರು ತಾಗದಂತೆ ಮೇಜಿನ ಮೇಲೇರಿಸಿ, ಕಾಯುತ್ತ ಕುಳಿತೆ.

ಒಂಬತ್ತೂವರೆಯಾದರೂ ಅವನ ಸುಳಿವಿರಲಿಲ್ಲ. ಫೋನ್ ಮಾಡಿದರೆ ಆತ ಅತ್ಯಂತ ಸೌಜನ್ಯದಿಂದ, ‘ಮೇಡಂ, ನೀವು ಫೆರೆಂಜಿ ಅಲ್ಲವೇ? ನಿಮಗೆ ಗೊಂದಲವಾಗಬಾರದೆಂದು ನಿಮ್ಮ ಲೆಕ್ಕದ ಮೂರು ಗಂಟೆಯನ್ನೇ ಹೇಳಿದೆ’ ಎಂದ. ನಾನು ಅವನಿಗಾಗಿ ಆರು ಗಂಟೆ ಕಳೆದಿದ್ದೆ. ಅವನು ಅದಕ್ಕೂ ಮೊದಲೇ ನನಗಾಗಿ ಆರು ಗಂಟೆ ಕೂಡಿಸಿಟ್ಟಿದ್ದ. ಈ ದೇಶದಲ್ಲಿ ನಮಗಾಗಿರುವ ಬಹುಪಾಲು ಅವಾಂತರಗಳಿಗೆ ಯಾರ ಬೇಜವಾಬ್ದಾರಿಯೂ ಕಾರಣವಲ್ಲ, ಎರಡೂ ಕಡೆಯವರ ಅತಿಯಾದ ಮರ್ಯಾದೆಯೇ ಕಾರಣ.

ಅಂದ ಹಾಗೆ, ಫೆರೆಂಜಿ ಎಂದರೆ ನಮ್ಮ ಪರಂಗಿಯೇ. ಪಪ್ಪಾಯಿಯನ್ನು ಪರಂಗಿ ಹಣ್ಣೆಂದೂ ಬ್ರಿಟಿಷರನ್ನು ಪರಂಗಿಗಳೆಂದೂ ಕರೆಯುತ್ತಿದ್ದ ನನ್ನಜ್ಜಿಗೆ, ತನ್ನ ಮೊಮ್ಮಗಳೇ ಒಂದು ದಿನ ಪರಂಗಿಯಾಗುತ್ತಾಳೆಂದು ಯಾರಾದರೂ ಹೇಳಿದ್ದರೆ ಆಕೆ ಊಟ ಬಿಡುತ್ತಿದ್ದಳು.

ಭಾಷೆಯೂ ಮೊದಮೊದಲು ಹೀಗೆಯೇ ಆಟವಾಡಿಸಿತ್ತು. ಅಮ್ಹಾರಿಕ್‌ನಲ್ಲಿ ‘ಇಲ್ಲ’ ಎನ್ನಲು ‘ಯೆಲ್ಲೆಮ್’ ಎನ್ನುತ್ತಾರೆ. ಬಂದ ಮೊದಲ ವಾರ ನಲ್ಲಿ ತಿರುಗಿಸಿದಾಗ ಗಾಳಿ ಮಾತ್ರ ಬಂದದ್ದನ್ನು ನೋಡಿ ಮನೆಯ ಒಡತಿ ‘ವುಹಾ ಯೆಲ್ಲೆಮ್’ ಎಂದು ಕೈ ಮೇಲೆತ್ತಿದಾಗ, ನೀರಿಗಾಗಿ ಸವದತ್ತಿಯ ಎಲ್ಲಮ್ಮನಿಗೆ ಮೊರೆಯಿಡುತ್ತಿದ್ದಾರೆಂದು ಭಾವಿಸಿ ನಾನೂ ಭಕ್ತಿಯಿಂದ ಕೈ ಮುಗಿದಿದ್ದೆ. ಆಮೇಲೆ ಕರೆಂಟು ಹೋದಾಗ ‘ಮೆಬ್ರಾತ್ ಯೆಲ್ಲೆಮ್’ ಎಂಬುದೂ ಬಂದಿತು. ದೇವಿಯ ವ್ಯಾಪ್ತಿ ದೊಡ್ಡದೆಂದು ತಿಳಿಯಿತು.

ವರ್ಷದ ಲೆಕ್ಕವಾದರೂ ನಮಗೆ ಲಾಭದ್ದೇ ಆಗಿತ್ತು. ನಾವು ಬಂದಿಳಿದದ್ದು 2012ರ ಅಕ್ಟೋಬರಿನಲ್ಲಿ. ಇಲ್ಲಿಯ ಪಂಚಾಂಗದ ಪ್ರಕಾರ ಆಗ 2005. ಕೆಲವೇ ತಾಸಿನ ವಿಮಾನಯಾನದಲ್ಲಿ ಏಳು ವರ್ಷ ಚಿಕ್ಕವಳಾಗುವುದನ್ನು ಯಾವ ಹೆಂಗಸು ಬೇಡವೆನ್ನುತ್ತಾಳೆ? ಹದಿಮೂರನೆಯ ತಿಂಗಳೊಂದಿದೆ, ಪಾಗುಮೆ ಎಂದು ಅದರ ಹೆಸರು. ಐದೇ ದಿನ, ಅಧಿಕ ವರ್ಷದಲ್ಲಿ ಆರು. ಅಧಿಕ ಮಾಸವನ್ನು ಕಂಡು ಬೆಳೆದ ನಮಗೆ ಅದೂ ವಿಚಿತ್ರವೆನಿಸಲಿಲ್ಲ. ನಮ್ಮನ್ನು ಸೋಲಿಸಿದ್ದು ಗಡಿಯಾರ, ಅದಕ್ಕಿಂತ ಹೆಚ್ಚಾಗಿ ಆ ಗಡಿಯಾರಕ್ಕೆ ನಮ್ಮ ಯಜಮಾನರು ಕಂಡುಹಿಡಿದ ಪರಿಹಾರ.

ಅವರು ಭೌತಶಾಸ್ತ್ರದ ಅಧ್ಯಾಪಕರು. ಒಂದು ಭಾನುವಾರ ಕಾಫಿ ಕುಡಿಯುತ್ತಿದ್ದವರು ಥಟ್ಟನೆ ಎದ್ದು, ಆರು ಗಂಟೆಯ ವ್ಯತ್ಯಾಸವೆಂದರೆ ಗಡಿಯಾರದ ಮುಖದ ಮೇಲೆ ಸರಿಯಾಗಿ ಅರ್ಧ ಸುತ್ತು, ಆದ್ದರಿಂದ ಗಂಟೆಯ ಮುಳ್ಳಿನ ಮೂತಿ ನಮ್ಮ ಸಮಯವನ್ನೂ ಅದರ ಬಾಲ ಇಲ್ಲಿಯ ಸಮಯವನ್ನೂ ತೋರಿಸುತ್ತದೆ ಎಂದು ಘೋಷಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಮ್ಮ ಮದುವೆಗೆ ಉಡುಗೊರೆಯಾಗಿ ಬಂದು, ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ಗೋಡೆ ಗಡಿಯಾರವನ್ನು ಇಳಿಸಿ, ತಲೆಕೆಳಗಾಗಿ ತೂಗುಹಾಕಿದರು. ಮುಳ್ಳನ್ನು ಆರು ಗಂಟೆ ಮುಂದಕ್ಕೆ ತಿರುಗಿಸಿಟ್ಟರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ, ‘ಆಗ ನಮ್ಮ ಸಮಯ ತಿಳಿಯುವುದು ಹೇಗೆ? ಈಗಾದರೆ ಅಂಕಿಗಳನ್ನು ನೋಡಿದರೆ ನಮ್ಮದು, ಜಾಗವನ್ನು ನೋಡಿದರೆ ಅವರದು’ ಎಂದರು.

ಮಾರನೆಯ ಬೆಳಿಗ್ಗೆ ಅವರಿಗೆ ಎಂಟಕ್ಕೆ, ಅಂದರೆ ಇಲ್ಲಿಯ ಎರಡು ಗಂಟೆಗೆ, ತರಗತಿಯಿತ್ತು. ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆಯೆತ್ತಿದವರ ಕಣ್ಣಿಗೆ ದೊಡ್ಡ ಮುಳ್ಳು ನೆತ್ತಿಯ ಮೇಲೆ, ಸಣ್ಣ ಮುಳ್ಳು ಎರಡರ ಆಸುಪಾಸಿನಲ್ಲಿ ಕಂಡಿತು. ‘ಎರಡಾಗಿಹೋಯಿತಲ್ಲೇ!’ ಎಂದು ತಟ್ಟೆಯನ್ನು ಮಗನ ಕೈಗಿತ್ತು, ಚಪ್ಪಲಿಯಲ್ಲೇ ಓಡಿ, ಗೇಟಿನೆದುರು ಸಿಕ್ಕಿದ ಬಜಾಜನ್ನೇರಿ (ಇಲ್ಲಿ ಆಟೊರಿಕ್ಷಾದ ಹೆಸರೇ ಬಜಾಜ್) ಕಾಲೇಜು ತಲುಪಿದರೆ ತರಗತಿಯ ಬಾಗಿಲಿಗೆ ಬೀಗ. ಆಗ ಗಂಟೆ ಏಳೂಮುಕ್ಕಾಲು ಕೂಡ ಆಗಿರಲಿಲ್ಲ. ಸಂಜೆ ಬಂದವರೇ ಬ್ಯಾಟರಿಯನ್ನು ದೂರಿ ಹೊಸದನ್ನು ಹಾಕಿದರು. ಮರುದಿನ ಮತ್ತೆ ಅದೇ ಕಥೆಯಾದಾಗ ಇಲ್ಲಿಯ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯೆಂಬ ವಿಷಯವನ್ನು ಎತ್ತಿದರು. ಕೊನೆಗೆ ಒಳಗೆ ನೀರಿನ ಕ್ಯಾನ್ ಇಡಲು ಬಂದ ಕಾವಲುಗಾರ ಗಡಿಯಾರವನ್ನು ಬಹಳ ಹೊತ್ತು ನೋಡಿ, ‘ಗಾಶೆ, ಸಣ್ಣ ಮುಳ್ಳು ಹಬೆಶಾ (ಅಂದರೆ ಇಥಿಯೋಪಿಯಾದ್ದು) ಆಗಿದೆ, ದೊಡ್ಡ ಮುಳ್ಳು ಯಾವ ದೇಶದ್ದೂ ಅಲ್ಲ’ ಎಂದ. ಗಂಟೆಯ ಮುಳ್ಳು ಅರ್ಧ ಸುತ್ತು ತಿರುಗಿದರೆ ನಿಮಿಷದ ಮುಳ್ಳೂ ಅರ್ಧ ಸುತ್ತು ತಿರುಗಿ ಮೂವತ್ತು ನಿಮಿಷ ತಪ್ಪು ತೋರಿಸುತ್ತದೆ ಎಂಬುದು, ಇಪ್ಪತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವರಿಗೆ ಹೊಳೆದಿರಲಿಲ್ಲ.

ತಪ್ಪೊಪ್ಪಿಕೊಂಡು ಗಡಿಯಾರವನ್ನು ನೆಟ್ಟಗೆ ಮಾಡುವರೆಂದು ನೀವು ಭಾವಿಸಿದ್ದರೆ ನಮ್ಮ ಯಜಮಾನರನ್ನು ಬಲ್ಲವರಲ್ಲ. ಅವರು ಗಾಜು ಬಿಚ್ಚಿ ನಿಮಿಷದ ಮುಳ್ಳನ್ನೇ ಕಿತ್ತುಹಾಕಿದರು. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲ ಹೊತ್ತೂ ‘ಸುಮಾರು’. ಸುಮಾರು ಎರಡು, ಸುಮಾರು ಐದು. ಮಗ ಶಾಲೆಗೆ ತಡವಾದದ್ದಕ್ಕೆ ಇದನ್ನೇ ಕಾರಣವೆಂದು ಬರೆದುಕೊಂಡು ಹೋಗಿದ್ದಾನೆ.

ಪ್ರತಿ ಭಾನುವಾರ ಅಮ್ಮ ಫೋನಿನಲ್ಲಿ ಮೊದಲು ಕೇಳುವುದೇ ‘ನಿಮ್ಮಲ್ಲಿ ಈಗ ಗಂಟೆ ಎಷ್ಟೇ?’ ಎಂದು. ಎರಡೂವರೆ ಗಂಟೆ ಹಿಂದೆಂದು ಅವಳಿಗೆ ಚೆನ್ನಾಗಿ ಗೊತ್ತು. ನಾನು ಹೇಳುವ ಗಂಟೆಗೆ ತಕ್ಕಂತೆ, ಅಡುಗೆಯಾಯಿತೇ, ದೀಪ ಹಚ್ಚಿದೆಯಾ ಎಂದು ಮುಂದುವರಿಸಲು ಅವಳಿಗೊಂದು ಹಿಡಿ ಬೇಕು. ಇಲ್ಲಿಯ ಲೆಕ್ಕವನ್ನು ವಿವರಿಸಿದಾಗ ಅವಳೊಬ್ಬಳೇ ನಗಲಿಲ್ಲ. ‘ನಿಮ್ಮ ತಾತನೂ ಸೂರ್ಯೋದಯದಿಂದಲೇ ಗಳಿಗೆ ಎಣಿಸುತ್ತಿದ್ದರಲ್ಲ, ಅವರಿದ್ದಿದ್ದರೆ ಆ ಊರಿನಲ್ಲಿ ಒಂದೇ ದಿನಕ್ಕೆ ಹೊಂದಿಕೊಳ್ಳುತ್ತಿದ್ದರು’ ಎಂದಳು. ನಿಜವೇ ಇರಬೇಕು. ಅಕ್ಷಾಂಶದಲ್ಲಿ ಬಹಿರ್ ದಾರ್‌ಗೂ ಮೈಸೂರಿಗೂ ಒಂದು ಡಿಗ್ರಿಯ ಅಂತರವೂ ಇಲ್ಲ. ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುವ ಊರಿನಲ್ಲಿ ಅವನಿಂದಲೇ ಎಣಿಸುವುದು ನ್ಯಾಯವಾದದ್ದು. ಆ ಮಾತಿನ ನಂತರ ಫೋನಿಟ್ಟು ಸ್ವಲ್ಪ ಹೊತ್ತು ನಾನು ಸುಮ್ಮನೆ ಕುಳಿತಿದ್ದೆ.

ಪೈಪಿನ ವಿಷಯಕ್ಕೆ ಬರುತ್ತೇನೆ. ನನ್ನ ಕಷ್ಟವನ್ನು ನೋಡಲಾರದೆ ಮನೆಯ ಒಡತಿ ತಾನೇ ಪ್ಲಂಬರಿಗೆ ಫೋನ್ ಮಾಡಿ, ಶುದ್ಧ ಅಮ್ಹಾರಿಕ್‌ನಲ್ಲಿ ‘ಒಂಬತ್ತಕ್ಕೆ ಬಾ’ ಎಂದರು. ನಮ್ಮ ಮಧ್ಯಾಹ್ನದ ಮೂರು ಇವರಿಗೆ ಒಂಬತ್ತು. ಆ ನಂತರ ನನ್ನನ್ನು ಸಮಾಧಾನಪಡಿಸಲು ಕಾಫಿಗೆ ಕೂರಿಸಿದರು. ಬೀಜ ಹುರಿದು, ಕುಟ್ಟಿ, ಅಬೋಲ್, ತೋನಾ, ಬರಕಾ ಎಂದು ಮೂರು ಸುತ್ತು ಮುಗಿಯುವ ಮುನ್ನ ಏಳುವುದು ಮರ್ಯಾದೆಯಲ್ಲ. ಮೂರು ಕಳೆಯಿತು, ನಾಲ್ಕೂ ಕಳೆಯಿತು. ಫೆರೆಂಜಿ ಮನೆಯ ಕೆಲಸವೆಂಬುದನ್ನು ಮರೆಯದ ಆತ, ‘ಒಂಬತ್ತು’ ಎಂದರೆ ನಮ್ಮ ಲೆಕ್ಕದ್ದೆಂದೂ ಅದು ನಾಳೆ ಬೆಳಗಿನದೆಂದೂ ತಿಳಿದು ಬೇರೆ ಕೆಲಸಕ್ಕೆ ಹೋಗಿದ್ದಾನಂತೆ.

ಈಗ ರಾತ್ರಿ, ಸುಮಾರು ಮೂರು. ಸಿಂಕಿನ ಕೆಳಗೆ ಬಕೆಟ್ ಇದೆ. ಅದರ ಪಕ್ಕದಲ್ಲಿ ನಮ್ಮ ಯಜಮಾನರು ಮೊಬೈಲ್ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಹಿಂದಿನವರ ಗಳಿಗೆ ಬಟ್ಟಲಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲವೆಂದೂ, ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಒಮ್ಮೆ ಅಳೆದುಬಿಟ್ಟರೆ ಸಾಕೆಂದೂ, ಆದ್ದರಿಂದ ನಾಳೆ ಪ್ಲಂಬರ್ ಬಂದರೂ ಪೈಪನ್ನು ಮುಟ್ಟುವ ಮೊದಲು ತಮ್ಮನ್ನೊಂದು ಮಾತು ಕೇಳಬೇಕೆಂದೂ ಹೇಳುತ್ತಿದ್ದಾರೆ.