ಅವರದೇ ಇಂಬಳ, ನಮ್ಮದೇ ರಕ್ತ

ಗೌರಿ ಹಬ್ಬದ ಬೆಳಗ್ಗೆ. ಒಂದು ಒಲೆ ಮೇಲೆ ಹೂರಣಕ್ಕೆ ಬೆಲ್ಲ ಕರಗುತ್ತಿತ್ತು, ಇನ್ನೊಂದರ ಮೇಲೆ ಕುಕ್ಕರ್ ಕೂಗುವ ಹಂತದಲ್ಲಿತ್ತು. ಫೋನ್ ಟಿಂಗ್ ಅಂತು. ಯಾರದೋ ಹಬ್ಬದ ಶುಭಾಶಯ ಇರಬೇಕು, ಆಮೇಲೆ ನೋಡಿದರಾಯ್ತು ಅಂದುಕೊಂಡೆ. ಆದರೆ ಕೈ ಸುಮ್ನಿರಬೇಕಲ್ಲ. ಬೆಲ್ಲ ಅಂಟಿದ ಬೆರಳಲ್ಲೇ ಒತ್ತಿದೆ.

"ಪ್ರಿಯ ಅತಿಥಿಗಳೇ, ನಿಮ್ಮ ಡೆಪಾಸಿಟ್ 5,000 ರೂಪಾಯಿಯಲ್ಲಿ 4,150 ವಾಪಸ್ ಮಾಡಲಾಗಿದೆ. ಕಡಿತ: ಬಾತ್ ಟವೆಲ್ 1, ಕಲೆ, 850."

ಜೊತೆಗೆ ಟವೆಲ್ಲಿನ ಮೂರು ಫೋಟೋ. ಹತ್ತಿರದಿಂದ ಒಂದು, ದೂರದಿಂದ ಒಂದು, ಕಲೆಯ ಪಕ್ಕ ಪೆನ್ನು ಇಟ್ಟು ಒಂದು. ಪೊಲೀಸರು ಮಹಜರು ಮಾಡುವಾಗಲೂ ಇಷ್ಟು ಚೆನ್ನಾಗಿ ತೆಗೆಯಲಿಕ್ಕಿಲ್ಲ.

ಕಲೆ ನಮ್ಮದೇ, ಇಲ್ಲ ಅನ್ನಲ್ಲ. ನಮ್ಮನೆಯವರ ಕಾಲಿನ ರಕ್ತ. ಆದರೆ ರಕ್ತ ಏನು ಸುಮ್ಸುಮ್ನೆ ಬಂತಾ? ರಜಾ ಕಳೆಯೋಕೆ ಬಾಡಿಗೆಗೆ ತಗೊಂಡಿದ್ದ ಆ ಮನೆ ಅಂಗಳದ ಹುಲ್ಲಿನಲ್ಲಿದ್ದ ಇಂಬಳ, ಅಂದರೆ ಜಿಗಣೆ, ಕಚ್ಚಿ ಬಂದಿದ್ದು. ಇಂಬಳ ಕಚ್ಚಿದ್ದು ಗೊತ್ತೇ ಆಗಲ್ಲ. ಅದರ ಜೊಲ್ಲಿನಲ್ಲಿ ಹಿರುಡಿನ್ ಥರದ್ದು ಒಂದಿರುತ್ತೆ, ರಕ್ತ ಹೆಪ್ಪುಗಟ್ಟಲು ಬಿಡಲ್ಲ. ಹೊಟ್ಟೆ ತುಂಬಿ ಅದು ತಾನಾಗೇ ಉದುರಿ ಹೋದ ಮೇಲೂ ಗಾಯ ಜಿನುಗುತ್ತಲೇ ಇರುತ್ತೆ. ಇವರು ಸ್ನಾನ ಮಾಡಿ ಕಾಲು ಒರೆಸಿಕೊಂಡರು, ಟವೆಲ್ ಕೆಂಪಾಯಿತು, ಆಮೇಲೆ ಕಿರುಚಿಕೊಂಡರು. ಇದೇ ಕ್ರಮದಲ್ಲಿ. ಆಗಸ್ಟ್ ತಿಂಗಳಲ್ಲಿ, ಮೂಡಿಗೆರೆ ಕಡೆ, ಕಾಫಿ ತೋಟದ ನಡುವಿನ ಮನೆಯಲ್ಲಿ ಹಾಲಿನಂಥ ಬಿಳಿ ಟವೆಲ್ ಇಟ್ಟವರನ್ನು ಯಾರೂ ಕೇಳಲ್ಲ. ಇಂಬಳ ಅವರದು, ರಕ್ತ ನಮ್ಮದು, 850 ರೂಪಾಯಿನೂ ನಮ್ಮದು.

ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರದ ದರ ಕೇಳಿ ಬಂದವಳಿಗೆ 850 ಏನು ಮಹಾ ಮೊತ್ತ ಅಲ್ಲ. ಆದರೆ ಡೆಪಾಸಿಟ್ ಅಂದ ಕೂಡಲೇ ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿದವರಿಗೆಲ್ಲ ಹಳೇ ಗಾಯ ಉರಿಯುತ್ತೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಬೇಡ ಅನ್ನುತ್ತೆ. ಮಾದರಿ ಅಂದರೆ ಮಾದರಿಯೇ, ಬಟ್ಟೆ ಅಂಗಡಿಯ ಬೊಂಬೆ ಇದ್ದ ಹಾಗೆ, ನೋಡಿ ಖುಷಿಪಡಬೇಕು. ನಾವು ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಳೆದವರು. ಮದುವೆಯಾದ ಮೇಲೆ ನಾಲ್ಕು ಮನೆ ಬದಲಾಯಿಸಿದ್ದೀವಿ. ನಾಲ್ಕೂ ಕಡೆ ಪೇಂಟಿಂಗ್ ಅಂತ ಒಂದೊಂದು ತಿಂಗಳ ಬಾಡಿಗೆ ಮುರಿದುಕೊಂಡರು. ಪೇಂಟ್ ಡಬ್ಬ ಮಾತ್ರ ಒಂದು ಕಡೆಯೂ ಕಣ್ಣಿಗೆ ಬೀಳಲಿಲ್ಲ. ರಜಾ ಅಂತ ಮೂರು ದಿನ ಊರು ಬಿಟ್ಟು ಓಡಿದರೆ ಅಲ್ಲೂ ಅದೇ ಕತೆ.

2025ರ ಆಗಸ್ಟ್ 15 ಶುಕ್ರವಾರ ಬಿದ್ದಿತ್ತಲ್ಲ, ಅದೇ ಎಲ್ಲದಕ್ಕೂ ಮೂಲ. ಶುಕ್ರವಾರ ರಜಾ ಬಂದರೆ ಇಡೀ ಬೆಂಗಳೂರು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತಿರುತ್ತೆ. ನಾವೂ ನಿಂತಿದ್ದೆವು. ಮನೆ ಬುಕ್ ಮಾಡಿದ್ದು ಏಜೆನ್ಸಿ ಮೂಲಕ. ನಮ್ಮನೆಯವರದೇ ಹಟ. "ಓನರ್ ಹತ್ತಿರ ನೇರವಾಗಿ ತಗೊಂಡು ಒಂದು ಸಲ ಅನುಭವಿಸಿದ್ದು ಸಾಕು. ಎರಡು ಕಾಸು ಜಾಸ್ತಿ ಹೋಗಲಿ, ನೆಮ್ಮದಿ ಇರಲಿ" ಅಂದರು. ಎರಡು ಕಾಸು ಅಂದಿದ್ದು ಹೀಗಾಯಿತು: ರಾತ್ರಿಗೆ 8,500 ಅಂತ ತೋರಿಸಿದ ಮನೆ, ಕ್ಲೀನಿಂಗ್ ಚಾರ್ಜ್, ಸರ್ವೀಸ್ ಚಾರ್ಜ್, ಅದರ ಮೇಲೆ ಜಿಎಸ್‌ಟಿ ಎಲ್ಲ ಸೇರಿ, ಎರಡು ರಾತ್ರಿಗೆ 21,000 ದಾಟಿತು. ಡೆಪಾಸಿಟ್ ಬೇರೆ. ಊಟ ಬೇರೆ.

ಆ ಓನರ್ ಕತೆ ಹೇಳದೆ ಇದು ಅರ್ಥ ಆಗಲ್ಲ.

2024ರ ಜನವರಿ 26. ಅದೂ ಶುಕ್ರವಾರವೇ. ಬೆಂಗಳೂರಿಂದ ಸುಮಾರು 220 ಕಿಲೋಮೀಟರ್, ಸಕಲೇಶಪುರದ ಹತ್ತಿರ ಒಂದು ತೋಟದ ಮನೆ. ಪರಿಚಯದವರ ಪರಿಚಯದವರದು. ರಸೀದಿ ಇಲ್ಲ, ಆ್ಯಪ್ ಇಲ್ಲ. "ತಲೆಗೆ 1,800, ಊಟ ತಿಂಡಿ ಸೇರಿ, ಬನ್ನಿ" ಅಂದರು ಯಜಮಾನರು. ಎಪ್ಪತ್ತರ ಆಸುಪಾಸು. ಮಂಗನ ಟೋಪಿ, ಅರ್ಧ ತೋಳಿನ ಸ್ವೆಟರ್, ಗಂಬೂಟು. ನಾವು ಕಾರಿಂದ ಇನ್ನೂ ಇಳಿದಿಲ್ಲ, ಗೇಟಿನಲ್ಲೇ ನಿಂತು ಹೇಳಿದ ಮೊದಲ ಮಾತು:

"ನೀರು ಕಾದಿದೆ. ಸ್ನಾನ ಮಾಡ್ಕಂಡ್ ಬಿಡಿ."

ಮನೆ ಹಿಂದೆ ಪ್ರತ್ಯೇಕ ಬಚ್ಚಲು. ಅದರಲ್ಲಿ ಒಬ್ಬ ಆಳು ಕೂರುವಷ್ಟು ದೊಡ್ಡ ತಾಮ್ರದ ಹಂಡೆ, ಕೆಳಗೆ ಕಾಫಿ ಗಿಡದ ಸೌದೆ. ಬೆಳಗ್ಗೆ ಐದಕ್ಕೇ ಉರಿ ಹಾಕಿದ್ದರಂತೆ, ನಮಗೋಸ್ಕರ. ಆ ಹಂಡೆ ಅವರ ಅಪ್ಪನ ಕಾಲದ್ದು. ತೋಟ, ಮನೆ, ಮೆಣಸು, ಯಾವುದರ ಬಗ್ಗೆಯೂ ಅವರಿಗೆ ಜಂಬ ಇರಲಿಲ್ಲ. ಬಿಸಿನೀರಿನ ವಿಷಯಕ್ಕೆ ಮಾತ್ರ ಬರಬಾರದು.

ಮಗ ಮೊದಲು ಓಡಿದ. ಅತ್ತೆ ಹೋದರು. ನಾನು ಹೋದೆ. ಯಜಮಾನರು ಜಗಲಿ ಮೇಲೆ ಕೂತು ಲೆಕ್ಕ ಹಾಕುತ್ತಿದ್ದರು. "ಮೂರಾಯ್ತು" ಅಂದರು, ನಾನು ತಲೆ ಒರೆಸಿಕೊಂಡು ಬರುವಾಗ.

ನಾಲ್ಕನೆಯವರು ನಮ್ಮನೆಯವರು. ಅವರು ರಜಾ ಹಾಕೋದೇ ಸ್ನಾನ ತಪ್ಪಿಸಿಕೊಳ್ಳೋಕೆ. ಆಫೀಸಿಗೋಸ್ಕರ ವರ್ಷವಿಡೀ ಸ್ನಾನ ಮಾಡಿದ್ದೇನೆ, ಮೂರು ದಿನ ನನ್ನ ಪಾಡಿಗೆ ಬಿಡಿ ಅನ್ನೋದು ಅವರ ವಾದ. "ನಂದು ಬೆಳಗ್ಗೆ ನಾಲ್ಕಕ್ಕೇ ಬೆಂಗಳೂರಲ್ಲಿ ಆಯ್ತು ಸರ್" ಅಂತ ನಕ್ಕರು. ಸುಳ್ಳು. ನನಗೆ ಗೊತ್ತು. ಯಜಮಾನರಿಗೂ ಗೊತ್ತಾಯಿತು ಅನ್ನಿಸುತ್ತೆ.

"ಅದು ಬೆಂಗಳೂರಿನ ಸ್ನಾನ" ಅಂದರು.

ಊಟ ಆಗಿ ಇವರು ಜಗಲಿಯಲ್ಲಿ ಕಣ್ಣು ಮುಚ್ಚಿದರೆ, ಪಕ್ಕದಲ್ಲಿ ಗಂಬೂಟಿನ ಸದ್ದು. ನಾಯಿಗೆ ಏನೋ ಬೈದರು. ಕುರ್ಚಿ ಆ ಕಡೆಯಿಂದ ಈ ಕಡೆಗಿಟ್ಟರು. ಹೋಗುವ ಮುಂಚೆ ಗಾಳಿಗೆ ಹೇಳುವವರ ಹಾಗೆ, "ಬೆಂಕಿ ಇನ್ನೂ ಇದೆ" ಅಂದರು. ಮೂರೂವರೆಗೆ ಮತ್ತೆ ಬಂದು, "ಬಕೆಟ್ ತೊಳೆದಿಟ್ಟಿದ್ದೀನಿ" ಅಂದರು. ಸಂಜೆ ಕಾಫಿ ಕುಯ್ಲು ತೋರಿಸಲು ಕಣಕ್ಕೆ ಕರೆದುಕೊಂಡು ಹೋದರು. ಹಣ್ಣನ್ನು ಹಾಗೇ ಒಣಗಿಸಿದರೆ ಚೆರಿ, ಸಿಪ್ಪೆ ತೆಗೆದು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್ ಅಂತ ಮಗನಿಗೆ ಚೆನ್ನಾಗಿ ವಿವರಿಸಿದರು. ಕಾಳು ಕೈಗೆ ಕೊಟ್ಟು, ಕಚ್ಚಿ ನೋಡು ಅಂದರು. ಅಷ್ಟರಲ್ಲಿ ಅವರ ಕಣ್ಣು ಮರಗಳ ಆಚೆ ಏಳುತ್ತಿದ್ದ ಹೊಗೆ ಮೇಲೆ ಬಿತ್ತು. "ನೋಡಿ, ಯಾರಿಗೋ ಕಾಯ್ತಾ ಇದೆ."

ನಮ್ಮನೆಯವರು ಮೆಣಸಿನ ಬಳ್ಳಿ ನೋಡುವ ನೆಪದಲ್ಲಿ ಹತ್ತು ಹೆಜ್ಜೆ ಆಚೆ ಹೋದರು. ನಾಯಿ ಹಿಂದೆಯೇ ಹೋಗಿ, ಎಲ್ಲಿದ್ದಾರೆ ಅಂತ ಬೊಗಳಿ ತೋರಿಸಿತು.

ರಾತ್ರಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಕೋಳಿ ಸಾರು. ಬಡಿಸುತ್ತಿದ್ದ ಅವರ ಮನೆಯವರಿಗೆ ಯಜಮಾನರು ಮೆಲ್ಲಗೆ ಹೇಳಿದ್ದು ನಮಗೆಲ್ಲ ಕೇಳಿಸಿತು: "ಇನ್ನೂ ಮೂರೇ." ಆಕೆ ನಮ್ಮನೆಯವರ ಮುಖವನ್ನು ಒಂಥರಾ ನೋಡಿದರು. ಜ್ವರ ಬಂದವರನ್ನು ನೋಡುವ ಹಾಗೆ. ಮತ್ತೊಂದು ರೊಟ್ಟಿ ಹಾಕಿದರು.

ಮಾರನೇ ದಿನ ಬೆಳಗ್ಗೆ ಆರಕ್ಕೆ ಬಾಗಿಲು ತಟ್ಟಿದ ಸದ್ದು. ಇವರು ಒಂದೂ ಮಾತಾಡದೆ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು, ಕೋರ್ಟಿಗೆ ಹೋಗುವವರ ಹಾಗೆ ಹೋದರು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ತಂಬಿಗೆ ಸದ್ದು ನಿಲ್ಲುತ್ತಲೇ ಇಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಬಾಗಿಲು ತೆಗೆದುಕೊಂಡಿತು. ಮೈಯೆಲ್ಲ ಕೆಂಪಗೆ, ಆವಿ ಏಳುತ್ತಿದೆ, ಕಣ್ಣು ಅರ್ಧ ಮುಚ್ಚಿದೆ. ಜಗಲಿಯಲ್ಲಿ ಕೂತಿದ್ದ ಯಜಮಾನರು ಎದ್ದು ನಿಂತರು.

"ಸಾಯಂಕಾಲನೂ ಕಾಯಿಸ್ತೀರಾ?" ಅಂದರು ನಮ್ಮನೆಯವರು.

ಅವತ್ತು ನಾನು ನಕ್ಕಿದ್ದೆ. ಈಗ ಯೋಚಿಸಿದರೆ ಅಷ್ಟು ನಗು ಬರಲ್ಲ. ಆಗ ನಮ್ಮ ಕಡೆಗೆ ಕಾವೇರಿ ಐದನೇ ಹಂತದ ನೀರು ಬಂದಿರಲಿಲ್ಲ. ಅದು ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಟ್ಯಾಂಕರ್ ನೀರಲ್ಲಿ ದಿನ ತಳ್ಳುತ್ತಿದ್ದೆವು. ತಲೆಗೆ ಒಂದು ಬಕೆಟ್, ತಲೆ ಸ್ನಾನಕ್ಕೆ ಒಂದೂವರೆ, ಅದೂ ಮೊದಲೇ ಹೇಳಿರಬೇಕು. ಸ್ನಾನ ಅಂದರೆ ಉಳಿತಾಯದ ಲೆಕ್ಕ ಆಗಿಹೋಗಿತ್ತು. ಆ ಬಚ್ಚಲಲ್ಲಿ ಹೊಗೆ ವಾಸನೆ, ಹಂಚಿನ ಸಂದಿಯಿಂದ ಬೀಳುವ ಬಿಸಿಲು, ಹಿತ್ತಾಳೆ ತಂಬಿಗೆ. ನಮ್ಮಜ್ಜಿ ಮನೆಯಲ್ಲೂ ಹೀಗೇ ಇತ್ತು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಕತ್ತಿಗೆ ಹೂವಿನ ಹಾರ ಹಾಕಿ, ಅದಕ್ಕೂ ಆರತಿ. ಅಜ್ಜಿ ಹೋದ ಮೇಲೆ ಆ ಹಂಡೆಯನ್ನು ತೂಕಕ್ಕೆ ಹಾಕಿದರು. ಎಷ್ಟು ಕಿಲೋ ಬಂತು ಅಂತ ಮಾವ ಫೋನಲ್ಲಿ ಹೇಳಿದ್ದರು, ನಾನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ.

ಅಷ್ಟು ಒಳ್ಳೆ ಜಾಗ ಮತ್ತೆ ಯಾಕೆ ಬಿಟ್ಟಿರಿ ಅಂದರೆ, ಎರಡನೇ ದಿನ ಸಂಜೆ ಯಜಮಾನರ ತಂಗಿ ಮನೆಯವರು ಹೇಳದೆ ಕೇಳದೆ ಬಂದಿಳಿದರು. ಆರು ಜನ. "ಒಂದು ರಾತ್ರಿ ತಾನೇ, ಹೊಂದ್ಕಂಡ್ ಹೋಗಿ" ಅಂತ ನಮ್ಮ ಎರಡು ರೂಮಿನಲ್ಲಿ ಒಂದನ್ನು ಅವರಿಗೆ ಕೊಟ್ಟುಬಿಟ್ಟರು. ದುಡ್ಡು ಕೊಟ್ಟ ನಾವು ನಾಲ್ಕು ಜನ ಒಂದೇ ಮಂಚದ ಸುತ್ತ ಮಲಗಿದೆವು. ಅತ್ತೆ ಮಾತ್ರ ಆ ತಂಗಿ ಜೊತೆ ಹನ್ನೊಂದರವರೆಗೆ ಮಾತಾಡಿ, ಯಾರದೋ ಮದುವೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದನ್ನು ಕಂಡುಹಿಡಿದು ಬಂದರು. ಹೊರಡುವಾಗ ಯಜಮಾನರು 800 ರೂಪಾಯಿ ಬಿಟ್ಟುಕೊಟ್ಟರು. ರೂಮು ಕಿತ್ತುಕೊಂಡಿದ್ದಕ್ಕೆ ಅಲ್ಲ. "ಅಮ್ಮ ಊಟನೇ ಮಾಡಲಿಲ್ಲ" ಅಂತ.

ಹಾಗಾಗಿ ಈ ಸಲ ಏಜೆನ್ಸಿ. ಇಲ್ಲಿ ಯಾರೂ ನಮ್ಮ ರೂಮಿಗೆ ಕೈ ಹಾಕಲಿಲ್ಲ. ಯಾರೂ ಇರಲೇ ಇಲ್ಲ. ಬಾಗಿಲ ಪಕ್ಕ ಒಂದು ಪೆಟ್ಟಿಗೆ, ಅದರೊಳಗೆ ಕೀಲಿ, ತೆಗೆಯಲು ನಾಲ್ಕು ಅಂಕಿ ನಂಬರ್. ನಂಬರ್ ಎರಡು ಗಂಟೆಗೆ ವಾಟ್ಸಾಪ್‌ನಲ್ಲಿ ಬರುತ್ತೆ. ಆದರೆ ಅಲ್ಲಿ ನೆಟ್‌ವರ್ಕ್ ಬರಲ್ಲ! ಧೋ ಅಂತ ಮಳೆ. ಇವರು ಛತ್ರಿ ಹಿಡಿದು ಒಂದು ಕಿಲೋಮೀಟರ್ ಗುಡ್ಡ ಹತ್ತಿ ನಂಬರ್ ತಂದರು. ಇಂಬಳನೂ ಆಗಲೇ ತಂದಿರಬೇಕು. ಆದರೆ ಅಂಗಳದ್ದೇ ಅಂತ ನಾನು ವಾದ ಮಾಡ್ತೀನಿ. ಅವರ ಹತ್ತಿರ ಇಂಬಳದ ಫೋಟೋ ಇಲ್ಲವಲ್ಲ.

ಮನೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಗಾಜಿನ ಗೋಡೆ, ಮಂಜು. ಗೋಡೆ ಮೇಲೆಲ್ಲ ಸೂಚನೆಗಳು. ಅಡುಗೆಮನೆಯಲ್ಲಿ "ಜೋರು ಒಗ್ಗರಣೆ ಬೇಡ" ಅಂತ ಓದಿ ಅತ್ತೆ, ಮೆಲ್ಲಗೆ ಒಗ್ಗರಣೆ ಹಾಕೋದು ಹೇಗೆ ಅಂತ ತುಂಬಾ ಹೊತ್ತು ಯೋಚಿಸಿದರು. ಎರಡು ದಿನ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಬಂದ ದಿನ ಸಂಜೆಯೇ ನಮ್ಮನೆಯವರು ಹೊರಗೆ ಸುತ್ತಾಡಿ ಬಂದು, ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿ, ಯಾರೂ ಹೇಳದೆ ತಾವಾಗೇ ಸ್ನಾನಕ್ಕೆ ಹೋದರು. ನಮ್ಮ ಮದುವೆಯಾಗಿ ಹದಿನಾರು ವರ್ಷದಲ್ಲಿ ರಜಾದಿನ ಅವರಾಗೇ ಸ್ನಾನ ಮಾಡಿದ್ದು ಅದೊಂದೇ ಸಲ. ಅದಕ್ಕೇ 850 ದಂಡ.

ಹಬ್ಬದ ದಿನವೇ ಏಜೆನ್ಸಿಗೆ ಬರೆದೆ. ಟವೆಲ್ಲಿಗೆ ನಾವು ದುಡ್ಡು ಕೊಟ್ಟಾಯ್ತು, ಅಂದಮೇಲೆ ಅದು ನಮ್ಮದು, ದಯವಿಟ್ಟು ಕಳಿಸಿ. ಎರಡು ನಿಮಿಷಕ್ಕೆ ಉತ್ತರ ಬಂತು: "ನಿಮ್ಮ ಮನವಿಯನ್ನು ಸಂಬಂಧಪಟ್ಟ ತಂಡಕ್ಕೆ ಕಳಿಸಲಾಗಿದೆ. ಕೊರಿಯರ್ ವೆಚ್ಚ ಅತಿಥಿಗಳದ್ದು." ಕೆಳಗೆ ಹನ್ನೊಂದು ಅಂಕಿಯ ದೂರಿನ ನಂಬರ್. ಬೆಲ್ಲ ಪಾಕ ಮೀರಿ ಗಟ್ಟಿಯಾಗಿತ್ತು. ಅದೂ ಅವರ ಲೆಕ್ಕಕ್ಕೇ.

ಅತ್ತೆಗೆ ಇದ್ಯಾವುದರ ಪರಿವೆ ಇಲ್ಲ. ಹಾಲ್‌ನಲ್ಲಿ ಕೂತು ಫೋನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಸಕಲೇಶಪುರದ ಯಜಮಾನರ ಜೊತೆ. ಪ್ರತಿ ಹಬ್ಬಕ್ಕೂ ಫೋನ್ ಹೋಗುತ್ತೆ, ಬರುತ್ತೆ. ಮಳೆ, ಕಾಳುಮೆಣಸಿನ ರೇಟು, ತಂಗಿ ಮಗಳ ಬಾಣಂತನ ಎಲ್ಲ ಆಯಿತು. ಆಮೇಲೆ ಅತ್ತೆ ಫೋನ್ ಕಿವಿಯಿಂದ ಸ್ವಲ್ಪ ದೂರ ಹಿಡಿದು, ಪೇಪರ್ ಓದುತ್ತಿದ್ದ ತಮ್ಮ ಮಗನ ಕಡೆ ತಿರುಗಿದರು. ಗಂಟೆ ಒಂಬತ್ತೂವರೆ.

"ಯಜಮಾನ್ರು ಕೇಳ್ತಾ ಇದ್ದಾರೆ ಕಣೋ. ನಿಂದು ಆಯ್ತಾ ಅಂತ."

ನಮ್ಮನೆಯವರು ಪೇಪರ್ ಮಡಚಿಟ್ಟು, ತುಟಿ ಪಿಟಕ್ ಅನ್ನದೆ ಎದ್ದು ಹೋದರು. ಬಚ್ಚಲ ಬಾಗಿಲು ಹಾಕಿಕೊಂಡಿತು. ನೀರಿನ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಸದ್ದು ನಿಂತು, ಒಳಗಿನಿಂದ ಕೂಗು.

"ಏನೇ, ಒಂದು ಟವೆಲ್ ಕೊಡು!"