ಪದವಿನಲ್ಲಿ ಮೇಯ್ದ ದನ

ಓಣಂ ರಜೆಗೆ ತಂಗಿಯ ಮೂವರು ಮಕ್ಕಳು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ಮನೆಗೆ ಬಂದಾಗ, ಅವರನ್ನು ಮೊಬೈಲಿನಿಂದ ಬಿಡಿಸಿ ಪ್ರಕೃತಿಯ ಕಡೆಗೆ ತಿರುಗಿಸುವ ಹೊಣೆಯನ್ನು ಯಾರೂ ಕೇಳದಿದ್ದರೂ ನಾನೇ ಹೊತ್ತುಕೊಂಡೆ. ಅದಕ್ಕಾಗಿ 24 ಬಣ್ಣಗಳ ಚಾಕ್ ಪೇಸ್ಟಲ್ ಪೆಟ್ಟಿಗೆಯೊಂದನ್ನು ತಂದೆ. ಎಣ್ಣೆ ಪೇಸ್ಟಲ್ ಕಾಗದಕ್ಕೆ ಅಂಟಿ ಕೂರುವ ಜಾತಿ. ಚಾಕ್ ಪೇಸ್ಟಲ್ ಎಂದರೆ ಬಣ್ಣದ ಪುಡಿ, ಸೀಮೆಸುಣ್ಣದ ಪುಡಿ, ಅವೆರಡನ್ನೂ ಕಡ್ಡಿಯ ಆಕಾರದಲ್ಲಿ ಹೇಗೋ ಹಿಡಿದಿಡುವಷ್ಟೇ ಅಂಟು. ಅದು ಕಾಗದದ ಒರಟು ಸಂದಿಗಳಲ್ಲಿ ಸುಮ್ಮನೆ ಕುಳಿತಿರುತ್ತದೆಯೇ ಹೊರತು ಎಂದೂ ಕಚ್ಚಿಕೊಳ್ಳುವುದಿಲ್ಲ. ಈ ಸಂಗತಿ ನನಗೆ ಗೊತ್ತಿತ್ತು, ಪರಿಣಾಮ ಗೊತ್ತಿರಲಿಲ್ಲ.

ನಾನು ತಂದ ನುಣುಪಾದ ಬಿಳಿ ಹಾಳೆಯ ಮೇಲೆ ಬಣ್ಣ ನಿಲ್ಲದೆ ಜಾರಿತು. ದೊಡ್ಡವಳು ನನ್ನ ಅಜ್ಞಾನವನ್ನು ಆಡಿಕೊಳ್ಳದೆ, ಜೂನ್ ತಿಂಗಳಲ್ಲಿ ಪುಸ್ತಕಗಳಿಗೆ ಬೈಂಡು ಹಾಕಿ ಉಳಿದಿದ್ದ ಬ್ರೌನ್ ಪೇಪರನ್ನು ಹುಡುಕಿ ತಂದು, ಅದರ ಹೊಳಪಿಲ್ಲದ ಮಗ್ಗುಲನ್ನು ಮೇಲೆ ಮಾಡಿ ಕೊಟ್ಟಳು. ಬಣ್ಣ ಚೆನ್ನಾಗಿ ಹಿಡಿಯಿತು.

ಮಳೆ ಬಿಟ್ಟ ಹೊತ್ತಿನಲ್ಲಿ ಮನೆಯ ಹಿಂದಿನ ಪದವಿಗೆ, ಅಂದರೆ ಕಲ್ಲುಹಾಸಿನ ಬಯಲು ಗುಡ್ಡಕ್ಕೆ, ಹತ್ತಿದೆವು. ಮನೆಯ ಗೋಡೆಯ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕೆಂಪಗಿರುವುದರಿಂದ ಮಕ್ಕಳು ಪದವನ್ನೂ ಕೆಂಪಾಗಿಯೇ ಬಿಡಿಸತೊಡಗಿದರು. ಗಾಳಿಮಳೆಗೆ ಒಡ್ಡಿಕೊಂಡ ಅದೇ ಕಲ್ಲು ಕಪ್ಪಾಗಿರುತ್ತದೆ ಎಂಬುದನ್ನು ನೋಡಿಸಿದ ಮೇಲೆ, ಮುರಿದ ಕಪ್ಪು ಕಡ್ಡಿಯನ್ನು ಅಡ್ಡ ಮಲಗಿಸಿ ಎಳೆದು, ಅದರ ಮೇಲೆ ಹಸಿರು, ಹಸಿರಿನ ಮೇಲೆ ಹಳದಿ ತಿಕ್ಕಿದರು. ನಡುವೆ, ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಬೇಕಾಗುವ, ಮಲಯಾಳದಲ್ಲಿ ಕಾಕ್ಕಪ್ಪೂ ಎನ್ನುವ ಪುಟ್ಟ ನೀಲಿ ಹೂಗಳನ್ನು ಚುಕ್ಕಿಯಿಟ್ಟರು. ಈ ಗಿಡ ನೆಲದೊಳಗಿನ ಸಣ್ಣ ಚೀಲಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಹಿಡಿದು ತಿನ್ನುತ್ತದೆ ಎಂದು ನಾನು ವಿವರಿಸುತ್ತಿದ್ದಾಗ, ಚಿಕ್ಕವನು ಚಿತ್ರದ ಮೇಲಿನ ಪುಡಿಯನ್ನು ಊದಿದ. ಪುಡಿಯನ್ನು ಊದಬಾರದು, ಕಾಗದವನ್ನು ಓರೆ ಮಾಡಿ ತಟ್ಟಬೇಕು ಎಂಬ ಪಾಠವನ್ನು ನಾನು ಸೀನುಗಳ ಮಧ್ಯೆಯೇ ಮುಗಿಸಬೇಕಾಯಿತು. ಬಣ್ಣ ಬೆರೆಸಿದ ಬೆರಳುಗಳು ಮೂಗು, ಹಣೆ, ಅಂಗಿ ಎಲ್ಲವನ್ನೂ ಮುಟ್ಟಿದ್ದವು. ಅಂಗಳದಲ್ಲಿ ನಿಂತಿದ್ದ ಅಮ್ಮ, “ಮೂರು ಬಣ್ಣದ ವೇಷಗಳು ಒಟ್ಟಿಗೇ ಬಂದವಲ್ಲ!” ಎಂದರು. ನನ್ನ ಬಿಳಿ ಪಂಚೆಯನ್ನು ಕಂಡು ಲೆಕ್ಕವನ್ನು ನಾಲ್ಕಕ್ಕೆ ಏರಿಸಿದರು.

ಇನ್ನು ಈ ಪುಡಿಯನ್ನು ಕಾಗದದಲ್ಲಿ ನಿಲ್ಲಿಸುವ ಪ್ರಶ್ನೆ. ಅಂಗಡಿಯ ಫಿಕ್ಸೆಟಿವ್ ಸ್ಪ್ರೇಗೆ ಹಣ ಕೊಡಲು ಮನಸ್ಸಾಗದ ನನಗೆ, ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಅಂಟಿನಂತೆ ಕೆಲಸ ಮಾಡುತ್ತದೆಂಬುದೂ, ಕಾಗದಕ್ಕೆ ಮಜ್ಜಿಗೆ ಸವರಿ ಚಾಕಿನಲ್ಲಿ ಬಿಡಿಸುವ ಪದ್ಧತಿಯಿದೆಯೆಂಬುದೂ ನೆನಪಾದವು. ಬಿಡಿಸುವ ಮೊದಲು ಸವರಬೇಕಾದದ್ದನ್ನು ಬಿಡಿಸಿದ ಮೇಲೆ ಚಿಮುಕಿಸಿದರೂ ಫಲ ಒಂದೇ ಎಂದು ತೀರ್ಮಾನಿಸಿ ಅಮ್ಮನಲ್ಲಿ ಮಜ್ಜಿಗೆ ಕೇಳಿದೆ. ಅವರು ಊಟಕ್ಕೆಂದು ಉಪ್ಪು ಹಾಕಿಟ್ಟಿದ್ದ ಮಜ್ಜಿಗೆಯನ್ನೇ ಲೋಟ ತುಂಬ ಕೊಟ್ಟರು. ಏಕೆ ಬೇಕೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೂರು ಚಿತ್ರಗಳನ್ನೂ ಜಗಲಿಯ ಅಂಚಿನಲ್ಲಿ ಒಣಗಲು ಸಾಲಾಗಿ ಇಟ್ಟು ಒಳಗೆ ಊಟಕ್ಕೆ ಕುಳಿತೆವು. ನಮ್ಮದು ಕಾಸರಗೋಡು ಗಿಡ್ಡ ತಳಿಯ ದನ. ಗಿಡ್ಡವಾದರೂ ಜಗಲಿಗೆ ನಾಲಿಗೆ ಎಟುಕುವಷ್ಟು ಎತ್ತರವಿದೆ, ಉಪ್ಪಿನ ವಾಸನೆ ಹಿಡಿಯುವಷ್ಟು ಮೂಗೂ ಇದೆ. ನಾವು ಕೈತೊಳೆದು ಬರುವಷ್ಟರಲ್ಲಿ ಎರಡು ಚಿತ್ರಗಳು ಪೂರ್ತಿ ಮುಗಿದಿದ್ದವು. ಮೂರನೆಯದರಲ್ಲಿ ಆಕಾಶ ಮಾತ್ರ ಉಳಿದಿತ್ತು. “ಮಾವ, ಹುಲ್ಲು ಇದ್ದ ಜಾಗವನ್ನೇ ತಿಂದಿದೆ” ಎಂದು ಚಿಕ್ಕವನು ಅಳುವ ಬದಲು ಹೆಮ್ಮೆಪಟ್ಟ. ತನ್ನ ಹುಲ್ಲು ಅಷ್ಟು ನಿಜವಾಗಿತ್ತು ಎಂಬುದಕ್ಕೆ ದನಕ್ಕಿಂತ ದೊಡ್ಡ ಸಾಕ್ಷಿ ಅವನಿಗೆ ಬೇಕಿರಲಿಲ್ಲ.

ಪೆಟ್ಟಿಗೆಯ ಮೇಲೆ ವಿಷರಹಿತ ಎಂದು ಬರೆದಿರುವುದನ್ನು ಅಮ್ಮನಿಗೆ ಎರಡು ಬಾರಿ ಓದಿ ಹೇಳಿದೆ. ಆದರೂ ಮರುದಿನ ಬೆಳಿಗ್ಗೆ ಅವರು ಕರೆಯಲು ಕುಳಿತಾಗ, ಹಾಲು ಯಾವ ಬಣ್ಣದಲ್ಲಿ ಬರುತ್ತದೆ ಎಂದು ನೋಡಲು ಮೂವರೂ ಹಲ್ಲುಜ್ಜದೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಬಿಳಿಯ ಹಾಲನ್ನು ಕಂಡು ಚಿಕ್ಕವನ ಮುಖ ಬಾಡಿತು.