ಗೊತ್ತಿದ್ದವರ ಅಂಗಡಿ ಅಂತ ಐಎಂಇಐ ನೋಡಬಾರ್ದೇನು?

ಹೋದ ತಿಂಗಳು ಹೈದರಾಬಾದ್‌ನ ಜಗದೀಶ್ ಮಾರ್ಕೆಟ್‌ನಾಗ ಒಂದು ಹಳೇ ಫೋನ್ ತಗೊಂಡೆ. ನಾನು ಬಾಯಿ ಬಿಡೋಕಿಂತ ಮೊದ್ಲೇ ಅಂಗಡಿ ಹುಡುಗ *#06# ಒತ್ತಿ, ಸ್ಕ್ರೀನ್ ಮ್ಯಾಲ ಬಂದ 15 ಅಂಕಿ ಐಎಂಇಐ (ಒಂದೊಂದು ಫೋನಿಗೂ ಇರೋ ಗುರುತಿನ ನಂಬರ್), ಡಬ್ಬಿ ಮ್ಯಾಲಿಂದು, ಬಿಲ್‌ನಾಗಿಂದು ಎಲ್ಲಾ ತಾಳೆ ಹಾಕಿ ನೋಡ್ಕೊಳ್ರಿ ಅಂತ ಕೈಗೆ ಕೊಟ್ಟ, ಎರಡು ಸಿಮ್ಮಿಂದು ಅದ, ಎರಡೂ ನಂಬರ್ ನೋಡ್ರಿ ಅಂದ. ಆಮ್ಯಾಲ ಕೆವೈಎಂ (KYM) ಅಂತ ಟೈಪ್ ಮಾಡಿ ಮುಂದ ಆ ನಂಬರ್ ಹಾಕಿ ಸರ್ಕಾರದ 14422ಕ್ಕ ಮೆಸೇಜ್ ಮಾಡಿಸಿದ. ಕಂಪನಿ, ಮಾಡೆಲ್ ಬರಾಬರ್ ಬಂತು. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್ ಅಂತ ಬಂದಿದ್ರ ತಗೋಬ್ಯಾಡ್ರಿ ಅಂತ ಅವನೇ ಹೇಳ್ದ. ಹಳೇ ಮಾಲೀಕನ ಗೂಗಲ್ ಅಕೌಂಟ್ ತಗದು ನನ್ನ ಮುಂದನೇ ರೀಸೆಟ್ ಹೊಡದ. ಎಲ್ಲಾ ಹತ್ತು ನಿಮಿಷ.

ಆವಾಗ ನಮ್ಮ ರಾಯಚೂರು ನೆನಪಾಗಿ ಹೊಟ್ಟಿ ಉರೀತು. ಹೋದ ವರ್ಷ ಅಪ್ಪ ಹತ್ತಿ ಮಾರಿದ ರೊಕ್ಕದಾಗ 9 ಸಾವಿರ ಕೊಟ್ಟಿದ್ದ, ತಮ್ಮ ಅಲ್ಲೇ ಒಂದ್ ಅಂಗಡ್ಯಾಗ ಫೋನ್ ತಗೊಂಡ. ನಂಬರ್ ನೋಡಿದ್ಯೇನೋ ಅಂದ್ರ "ಮಾಮಾಗ ಗೊತ್ತಿದ್ದವ್ರು ಅಣ್ಣಾ, ಹೆಂಗ ಕೇಳೋದು" ಅಂದ. ಎರಡು ತಿಂಗಳಿಗೆ ನೆಟ್‌ವರ್ಕ್ ಹೋತು, ಯಾವ ಸಿಮ್ ಹಾಕಿದ್ರೂ ಇಲ್ಲ, ನಾಕ್ ದಿನಕ್ಕ ಬ್ಯಾರೆ ಜಿಲ್ಲಾ ಪೊಲೀಸ್ರ ಫೋನ್ ಬಂತು. ಯಾರ್ದೋ ಕಳುವಾದ ಫೋನದು, ಅವ್ರು ಸಂಚಾರ್ ಸಾಥಿ ಅನ್ನೋ ಸರ್ಕಾರದ ಪೋರ್ಟಲ್‌ನಾಗ ಬ್ಲಾಕ್ ಮಾಡಿಸಿದ್ರು. ಡಬ್ಬಿ ತಗದು ನೋಡಿದ್ರ ಅದರ ಮ್ಯಾಲಿನ ನಂಬರೇ ಬ್ಯಾರೆ! ಅಂಗಡ್ಯಾಗ ಒಮ್ಮೆ ನೋಡಿದ್ರ ಅಲ್ಲೇ ಸಿಗತಿತ್ತು.

ನಮ್ಮ ಕಡೆ ಕೇಳಿದ್ರ "ನಮ್ ಮ್ಯಾಲ ನಂಬಿಕಿ ಇಲ್ಲೇನ್ರಿ" ಅಂತ ಮುಖ ಸಣ್ಣ ಮಾಡ್ತಾರ, ಕೇಳಿದವ್ನಿಗೇ ನಾಚಿಕಿ. ಅದೇ ಅಪ್ಪ ಎತ್ತು ತಗೋಬೇಕಾದ್ರ ಬಾಯಿ ಬಿಡಿಸಿ ಹಲ್ಲು ನೋಡ್ತಾನ, ಸುಳಿ ನೋಡ್ತಾನ, ಸಂತ್ಯಾಗ ನಾಕ್ ಸುತ್ತು ನಡಸಿ ನೋಡ್ತಾನ, ಮಾರೋನು ಒಂದ್ ಮಾತು ಅನ್ನಂಗಿಲ್ಲ. ಎತ್ತಿಗಿರೋ ರೂಢಿ ಫೋನಿಗೆ ಯಾಕಿಲ್ಲ? ಇದು ನನಗ ಇನ್ನೂ ತಿಳಿದಿಲ್ಲ.

ಒಂದ್ ಮಾತು ಹೇಳಲೇಬೇಕು, ಮನಸಿಲ್ಲದಿದ್ರೂ. ಮಾಮ ಹೋಗಿ ಕುಂತ ಮ್ಯಾಲ ಆ ಅಂಗಡಿಯವ್ರು ಎರಡು ಕಂತಿನಾಗ ಪೂರಾ ರೊಕ್ಕ ವಾಪಸ್ ಕೊಟ್ರು, ಮನಿಗೆ ಬಂದು ಅವ್ವನ ಮುಂದ ತಪ್ಪಾತು ಅಂದ್ರು. ಇಲ್ಲಿ ಹೈದರಾಬಾದ್‌ನಾಗ ನನ್ನ ಫೋನ್ ನಾಳೆ ಕೈಕೊಟ್ರ ಆ ಹುಡುಗ ನನ್ನ ಗುರುತೂ ಹಿಡಿಯಂಗಿಲ್ಲ, ನನ್ನ ಪರವಾಗಿ ಹೋಗಿ ಕೂಡೋ ಮಾಮಾನೂ ಇಲ್ಲ.

ತಮ್ಮ ಮೊನ್ನೆ ಮತ್ತೊಂದು ಫೋನ್ ನೋಡಾಕ ಹೊಂಟಿದ್ದ, ಅದೇ ಅಂಗಡಿಗೆ. ಹೋಗು, ಆದ್ರ ರೊಕ್ಕ ಕೊಡೋಕಿಂತ ಮೊದ್ಲು ನಂಬರ್ ಫೋಟೋ ಹೊಡದು ನನಗ ಕಳಸು ಅಂದೀನಿ.